ಅರ್ಜಿಯ ಮೊದಲ ಹೆಸರು

ರಾಕ್ಸ್‌ಬರಿ, ಬಾಸ್ಟನ್
14 ಅಕ್ಟೋಬರ್ 1989

ಪ್ರೀತಿಯ ತಮ್ಮ ಅಲ್ಫಿಯಸ್‌ಗೆ,

ನಿನ್ನ ಅಕ್ಕ ವರ್ಡೆಲ್ ಮಾಡುವ ಆಶೀರ್ವಾದಗಳು. ಈಸ್ಟರ್‌ನಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಕೈನೋವು ಇತ್ತು ಎಂದು ಸುಳ್ಳು ಹೇಳಬಹುದು, ಆದರೆ ಕೈ ಚೆನ್ನಾಗಿಯೇ ಇದೆ. ನೀನು ಸವಾನ್ನಾದಿಂದ ಕಳಿಸಿದ ಪೆಕಾನ್ ಬೀಜದಲ್ಲಿ ಎರಡು ಪೈ ಮಾಡಿ, ಒಂದನ್ನು ಚರ್ಚಿಗೆ ಕೊಟ್ಟು ಇನ್ನೊಂದನ್ನು ನಾನೊಬ್ಬಳೇ ತಿಂದು ಮುಗಿಸಿದೆ. ಬರೆಯಲು ಮನಸ್ಸು ಬಂದಿರಲಿಲ್ಲ, ಅಷ್ಟೇ. ಇವತ್ತು ಮೈಯೆಲ್ಲ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಮಂಗಳವಾರ ಮಿಸ್ ಹ್ಯಾನ್ಲಿ ಎಂಬ ಬಿಳಿ ಹುಡುಗಿ ಟೇಪ್ ರೆಕಾರ್ಡರ್ ಹಿಡಿದು ಬಂದಳು. ಯಾವುದೋ ಚರಿತ್ರೆಯ ಸಂಘದವಳು.

"ಮ್ಯಾಮ್, ನೀವು ಆಲ್ಡೆನ್ ಸ್ಕ್ವೇರ್ ರೈಲು ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಟೋಕನ್ ಕೊಟ್ಟೋರಂತೆ. ಅದರ ಚರಿತ್ರೆ ಹೇಳಿ. ಅದು ಇದ್ದ ಜಾಗದಲ್ಲಿ ಒಂದು ಫಲಕ ಹಾಕ್ತಾ ಇದೀವಿ" ಎಂದಳು.

"ಫಲಕವಾ? ಅದನ್ನ ಹತ್ತಿಕೊಂಡು ಪೇಟೆಗೆ ಹೋಗಬಹುದಾ?" ಎಂದೆ.

ಪಾಪ, ಆ ಹುಡುಗಿ ಕೆಂಪಾದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಿದೆ ಇವರ ಕೆಲಸ. ಆದರೂ ಕೂರಿಸಿ ಕಾಫಿ ಕೊಟ್ಟು ಹೇಳಿದೆ. 1909ರಲ್ಲಿ, ನಮ್ಮ ಬೀದಿಯ ನೆತ್ತಿಯ ಮೇಲೆ, ಕಬ್ಬಿಣದ ಕಂಬಗಳ ಮೇಲೆ ಹಳಿ ಹಾಸಿ ಕಟ್ಟಿದ್ದು. ಮೇಲೆ ತಾಮ್ರದ ಛಾವಣಿ, ಕೆಳಗೆ ಮರದ ಹಲಗೆ, ಕಾಯುವ ಕೋಣೆಯಲ್ಲಿ ಒಂದು ಕಬ್ಬಿಣದ ಒಲೆ. ಅಮ್ಮ ನಮ್ಮಿಬ್ಬರ ಕೈ ಹಿಡಿದುಕೊಂಡು ಈ ಊರಿಗೆ ಬಂದಾಗ ಮೊದಲು ಮೈ ಕಾಯಿಸಿಕೊಂಡದ್ದು ಆ ಒಲೆಯ ಮುಂದೆ. ಆ ಟೋಕನ್ ಗೂಡಿನಲ್ಲಿ ಕೂತ ಮೊದಲ ಕಪ್ಪು ಹೆಂಗಸು ನಾನು. ಮೊದಲ ವಾರ ಮೂವರು ನನ್ನ ಕೈಯಿಂದ ಟೋಕನ್ ತೆಗೆದುಕೊಳ್ಳದೆ ನಡೆದೇ ಹೋದರು. ಹೋಗಲಿ, ಅವರ ಬೂಟು ಸವೆಯಿತು! ಇನ್ನು ನೀನು ಹಗ್ಗ ಕಟ್ಟಿಕೊಂಡು ನೇತಾಡುತ್ತ ಇಪ್ಪತ್ತೆರಡು ವರ್ಷ ಆ ಕಬ್ಬಿಣದ ಕಂಬಗಳ ತುಕ್ಕು ಕೆರೆದು ಹಸಿರು ಬಣ್ಣ ಬಳಿದದ್ದು, ಸೀಮೆಎಣ್ಣೆಯಲ್ಲಿ ಕೈ ತೊಳೆಯುವವರೆಗೂ ಅಮ್ಮ ನಿನಗೆ ತಟ್ಟೆ ಇಡದೆ ಇದ್ದದ್ದು, ಅದನ್ನೂ ಹೇಳಿದೆ.

ನಮ್ಮ ಬೀದಿಯವರ ಮಾತಿನ ಪದ್ಧತಿಯನ್ನು ಆ ಹುಡುಗಿ ನಂಬಲೇ ಇಲ್ಲ. ತಲೆಯ ಮೇಲೆ ರೈಲು ಬಂದರೆ ಆ ಸದ್ದಿಗೆ ಅರ್ಧ ಮಾತಿಗೆ ನಿಲ್ಲಿಸಬೇಕು, ಹೋದ ಮೇಲೆ ಅಲ್ಲಿಂದಲೇ ಮುಂದುವರಿಸಬೇಕು. ಪಾದ್ರಿ ಪ್ರಾರ್ಥನೆಯಲ್ಲಿ ನಿಲ್ಲಿಸುತ್ತಿದ್ದರು, ಗಂಡ ಹೆಂಡಿರು ಜಗಳದಲ್ಲಿ ನಿಲ್ಲಿಸುತ್ತಿದ್ದರು. ಆ ಅರ್ಧ ನಿಮಿಷದಲ್ಲಿ ಎಷ್ಟೋ ಕೆಟ್ಟ ಮಾತುಗಳು ಗಂಟಲಲ್ಲೇ ಇಳಿದುಹೋಗುತ್ತಿದ್ದವು. ಈಗಲೂ ಮುದುಕರು ಮಾತಿನ ನಡುವೆ ಸುಮ್ಮನೆ ನಿಲ್ಲುತ್ತಾರೆ. ಬರದ ರೈಲಿಗೆ ಕಾಯುತ್ತಾರೆ.

ಇಷ್ಟೆಲ್ಲ ಕೇಳಿಕೊಂಡು ಅವಳು ಫಲಕದ ಕರಡು ತೋರಿಸಿದಳು. ಅದರಲ್ಲಿದ್ದದ್ದು ಹೀಗೆ: "ಸದ್ದು ಮತ್ತು ಕತ್ತಲೆಯಿಂದ ಬೇಸತ್ತ ನಿವಾಸಿಗಳ ಬೇಡಿಕೆಯ ಮೇರೆಗೆ 1987ರಲ್ಲಿ ತೆರವುಗೊಳಿಸಲಾಯಿತು."

ಬೇಡಿಕೆಯಂತೆ ಬೇಡಿಕೆ! ಆ ಬೇಡಿಕೆಯ ಅರ್ಜಿ ನನ್ನ ಗೂಡಿನ ಕಿಟಕಿಯಲ್ಲೇ ಇತ್ತು, ಸಹಿ ಹಾಕಿಸಿದವಳು ನಾನೇ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೊದಲ ಸಾಲಿನಲ್ಲಿ ಏನಿತ್ತು? "ಮೊದಲು ಹೊಸ ರೈಲು ಕೊಡಿ, ಆಮೇಲೆ ಹಳೆಯದನ್ನು ತೆಗೆಯಿರಿ." ಟೈ ಕಟ್ಟಿಕೊಂಡವರು ಚರ್ಚಿನ ಹಾಲ್‌ಗೆ ಬಂದು, ನಮ್ಮ ಬೈಬಲ್ ಇಟ್ಟಿದ್ದ ಮೇಜಿನ ಮೇಲೆ ಕೈಯಿಟ್ಟು, "ಇದಕ್ಕಿಂತ ಒಳ್ಳೇದು ಕೊಡ್ತೀವಿ" ಎಂದರು. ನಮ್ಮ ಮೂಗಿಗೆ ತುಪ್ಪ ಸವರಿ ಹೋದರು. ಕೊಟ್ಟದ್ದು ಒಂದು ಬಸ್ಸು. ಫಲಕದ ಮೇಲೆ ಅರ್ಜಿಯ ಚಿತ್ರ ಹಾಕಿ, ಆ ಮೊದಲ ಸಾಲನ್ನು ಕತ್ತರಿಸಿ, ಬರೀ ಹೆಸರುಗಳನ್ನು ಉಳಿಸಿದ್ದಾರೆ.

ನಮ್ಮ ಬೀದಿಯ ಮಿಸೆಸ್ ಗ್ರಿಮ್ಸ್ ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಬೇಕು. ರೈಲಿದ್ದಾಗ ಹದಿನಾಲ್ಕು ನಿಮಿಷ. ಜನವರಿಯಲ್ಲಿ ಬಸ್ಸಿಗೆ ಕಾಯುತ್ತ ಹಿಮದಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಫಲಕದಲ್ಲಿ ಅವರ ಸಹಿ ಆರನೆಯದು.

ಮೊದಲನೆಯ ಸಹಿ ನಿನ್ನದು. ಕಾಗದ ಹರಿಯಬೇಡ, ಓದು. ಅಚ್ಚುಕಟ್ಟಾಗಿ "ಅಲ್ಫಿಯಸ್ ಪೆಟಿಫರ್ಡ್" ಎಂದಿದೆ. ನನ್ನ ಅಡುಗೆಮನೆಯಲ್ಲಿ ಕೂತು, "ಅಕ್ಕಾ, ಕಬ್ಬಿಣ ಇನ್ನೂ ಗಟ್ಟಿ ಇದೆ. ಅದರ ಒಂದೊಂದು ಮೊಳೆನೂ ನಂಗೆ ಗೊತ್ತು. ಒಂದ್ಸಲ ಕೆಡವಿದ್ರೆ ಇವರು ನಮಗೆ ಏನೂ ಕೊಡಲ್ಲ. ನಾನು ಸಾಯೋವರೆಗೂ ಸಹಿ ಹಾಕಲ್ಲ" ಎಂದವನು ನೀನು. ಯಾರು ಬರೆದರೋ! ಹೆಸರು ಕದಿಯುವುದಕ್ಕೂ ಹೇಸದ ಜನ. ಆ ಹೆಸರು ತೆಗೆಯಿರಿ ಎಂದು ಕಿರುಚಿದೆ. "ಮ್ಯಾಮ್, ಮೂಲದಲ್ಲೇ ಹೀಗಿದೆ. ಬೇರೆ ಯಾರಾದ್ರೂ ಬರೆದಿದ್ರೆ, ಅದನ್ನ ಯಾರಾದ್ರೂ ಹೇಳಬೇಕಲ್ಲ?" ಎಂದಳು ಹುಡುಗಿ. ನಾಳೆ ಭಾನುವಾರ, ಪ್ರಾರ್ಥನೆಯ ನಂತರ ಫಲಕ ತೆರೆಯುತ್ತಾರಂತೆ.

ಚಳಿ ಶುರುವಾಗಿದೆ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ದೇವರು ನಿನ್ನನ್ನು ಕಾಯಲಿ, ನಿನ್ನ ಮೇಲೆ ಬಿದ್ದ ಮಾತುಗಳನ್ನು ತೊಳೆಯಲಿ.

ಇಂತಿ ನಿನ್ನ ಅಕ್ಕ,
ವರ್ಡೆಲ್

ಮರೆತ ಮಾತು: ಮರೆತಿರಲಿಲ್ಲ. ಲಕೋಟೆ ಅಂಟಿಸಿ, ಮತ್ತೆ ಒಡೆದು ಬರೆಯುತ್ತಿದ್ದೇನೆ. ನಿನ್ನ ಹೆಸರು ಬರೆದವಳು ನಾನು.

ಮೂರು ದಿನ ಅರ್ಜಿ ಖಾಲಿ ಬಿದ್ದಿತ್ತು. ಬಂದವರೆಲ್ಲ ಕೇಳಿದ್ದು ಒಂದೇ: "ಅಲ್ಫಿಯಸ್ ಏನಂತಾನೆ? ಆ ಕಬ್ಬಿಣ ಬಲ್ಲೋನು ಅವನೇ." ನಾಲ್ಕನೆಯ ದಿನ ನಿನ್ನ ಹೆಸರನ್ನು ಮೇಲೆ ಬರೆದೆ. ಸಂಜೆಯೊಳಗೆ ನೂರು ಜನ ಕೆಳಗೆ ಸಹಿ ಹಾಕಿದರು. ಬೆಳಕು ಬರುತ್ತದೆ, ಹೊಸ ರೈಲು ಬರುತ್ತದೆ, ಆಗ ನೀನೇ ನಕ್ಕು ಬಿಡುತ್ತೀಯ ಎಂದುಕೊಂಡಿದ್ದೆ.

ರೈಲು ನಿಂತ ಮೇಲೆ ಕ್ಷೌರದಂಗಡಿಯ ಕಾಟ್ರೆಲ್ ನಿನಗೆ "ಬಾಯಲ್ಲಿ ಒಂದು, ಕೈಯಲ್ಲಿ ಇನ್ನೊಂದು" ಎಂದ. ನಿನ್ನ ಹೆಸರು ನಂಬಿ ಸಹಿ ಹಾಕಿದ ಜನ ನಿನಗೆ ಬೆನ್ನು ಹಾಕಿದರು. ನೀನು ಮನೆಗೆ ಬಂದು, "ಅಕ್ಕಾ, ಇವರಿಗೆಲ್ಲ ಏನಾಗಿದೆ? ನಾನೇನು ಮಾಡ್ದೆ?" ಎಂದು ಕೇಳಿದೆ. ರೈಲು ಇದ್ದಿದ್ದರೆ ಆ ಅರ್ಧ ನಿಮಿಷದಲ್ಲಿ ನಿಜ ಹೇಳುವ ಧೈರ್ಯ ಬರುತ್ತಿತ್ತೋ ಏನೋ. ಇರಲಿಲ್ಲ. "ಅವರಿಗೆಲ್ಲ ತಲೆ ಕೆಟ್ಟಿದೆ" ಎಂದುಬಿಟ್ಟೆ. ಅದನ್ನು ನಂಬಿ, ಈ ಊರನ್ನು ಶಪಿಸಿ, ನೀನು ಸವಾನ್ನಾಕ್ಕೆ ಹೊರಟುಹೋದೆ.

ಈಗ ತಾನೇ ಕಾಟ್ರೆಲ್‌ನ ಅಂಗಡಿಗೆ ಹೋಗಿ, ಎಲ್ಲ ಗಂಡಸರ ಮುಂದೆ ಹೇಳಿ ಬಂದೆ. ಅವನು ಕತ್ತರಿ ಕೆಳಗಿಟ್ಟು, "ಆರು ತಿಂಗಳು ಅವನ ಮುಖ ನೋಡ್ದೆ ಕೂದಲು ಕತ್ತರಿಸಿದೆ, ವರ್ಡೆಲ್. ಈಗ ನಾನು ಯಾರ ಮುಖ ನೋಡ್ಲಿ?" ಎಂದ. ನಾಳೆ ಫಲಕದ ಮುಂದೆಯೂ ಹೇಳುತ್ತೇನೆ.

ಬೈಯುವುದಿದ್ದರೆ ಕಾಗದದಲ್ಲಿ ಬೈಯಬೇಡ, ಬಂದು ಬೈ. ನಡುವೆ ನಿಲ್ಲಿಸಲು ಈಗ ರೈಲೂ ಇಲ್ಲ.