ಎಡಕ್ಕ ವಾಲಿದ ಚರ್ಚು

ಅವ್ವಾ,

ಇವತ್ತ ಆಫೀಸಿನ್ಯಾಗ ಬೈಸ್ಕೊಂಡೆ. ಫ್ರಾನ್ಸಿನ ಒಂದು ಹಳ್ಳಿಯ ಎಂಟನೂರು ವರ್ಷದ ಚರ್ಚನ್ನ ಕಂಪ್ಯೂಟರಿನ್ಯಾಗ ಕಟ್ಟಾಕತ್ತಿದ್ದೆ. ಅದರ ಗರ್ಭಗುಡಿ ಎಡಕ್ಕ ವಾಲಿತ್ತು. ಅಳತಿ ತಪ್ಪೇತಿ ಅಂತ ನೆಟ್ಟಗ ಮಾಡಿಬಿಟ್ಟೆ. ಕಳಿಸಿದ ಚಿತ್ರ ನೋಡಿ ಆ ಊರಿನ ಪಾದ್ರಿ ಸಿಟ್ಟಿಲೆ ಮೇಲ್ ಹಾಕಿದ್ರು: "ಅದು ಶಿಲುಬಿ ಮ್ಯಾಲೆ ವಾಲಿದ ಏಸುವಿನ ಗೋಣು ಅಂತ ನಮ್ಮ ಹಿರ್ಯಾರು ನಂಬಿದ್ರು. ಮೊದಲಿನಂಗ ಮಾಡ್ರಿ." ಸಂಜಿತನಕ ಕುಂತು ಮತ್ತ ಸೊಟ್ಟ ಮಾಡಿದೆ.

ಆಫೀಸಿರೂ ಕರ್ನಿ ಮೆಸಾದಿಂದ ಡ್ರೈವ್ ಮಾಡ್ಕೊಂಡು ಮನಿಗೆ ಬರೂದ್ರಾಗ ಜೀವ ಸೋತಿತ್ತು.

ನೀ ಯಾರ ಮಾತು ಕೇಳಿದ್ರೂ ಗೋಣು ಎಡಕ್ಕ ವಾಲಸ್ತಿದ್ದಿ. ಹಾರ ಹಾಕಿದ ನಿನ್ನ ಫೋಟೋದಾಗ ಚಂದ ಕಾಣ್ಲಿ ಅಂತ ಅದನ್ನೂ ನೆಟ್ಟಗ ಮಾಡ್ಸೇನಿ. ಅದರ ಮುಂದ ನಿಂತು ಇದನ್ನೆಲ್ಲಾ ನಿನಗ ಹೇಳಾಕತ್ತಿದ್ದೆ. ನಿನ್ನ ಮೊಮ್ಮಗಳು ಶಿವಾನಿ ನೋಡಿ ಅಂದ್ಲು: "ಡ್ಯಾಡ್, ಅಜ್ಜಿ ಈಸಂಟ್ ಲಿಸನಿಂಗ್."