ಶನಿವಾರದ ಮೀಟಿಂಗಿನಲ್ಲಿ ನಾನು ಆಡಿದ ಮಾತು

ಗುರುವಾಯನಕೆರೆ
12-11-2025, ಬುಧವಾರ

ಪ್ರೀತಿಯ ತಮ್ಮ ರಂಜಿತನಿಗೆ ನಿನ್ನ ಅಕ್ಕನ ಆಶೀರ್ವಾದ.

ಹೇಗಿದ್ದಿ? ಸೊಂಟನೋವು ಕಡಿಮೆಯಾಯಿತಾ? ಆ ಬೆಲ್ಟು ಕಟ್ಟಿಕೊಳ್ಳುತ್ತೀಯೋ ಅಥವಾ ಬೀರುವಿನಲ್ಲಿಟ್ಟು ಪೂಜೆ ಮಾಡುತ್ತೀಯೋ? ದಮ್ಮಾಮಿನಲ್ಲಿ ಈಗ ಸೆಕೆ ಇಳಿದಿರಬೇಕು. ನನಗೆ ಶುಗರ್ ಒಂದು ಬಿಟ್ಟರೆ ಬೇರೇನೂ ಇಲ್ಲ. ಹೊಲಿಗೆ ಕೆಲಸ ಬೇಕಾದಷ್ಟು ಉಂಟು. ಮಗಳು ತೃಪ್ತಿ ಮೂಡಬಿದಿರೆಯ ಹಾಸ್ಟೆಲಿನಿಂದ ವಾರಕ್ಕೊಮ್ಮೆ ಬಂದು ಅಮ್ಮನ ಅಡುಗೆಗೆ ಹೆಸರಿಟ್ಟು ಹೋಗುತ್ತಾಳೆ. ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಾದರೆ ನೀನು ಅರ್ಧಕ್ಕೇ "ಬಿಡಕ್ಕ, ಹಳೇ ಕಥೆ" ಅಂತ ಮಾತು ತಿರುಗಿಸುತ್ತೀ. ಶಾಫಿ ಶುಕ್ರವಾರ ರಜೆ ಮುಗಿಸಿ ಸೌದಿಗೆ ಹೊರಡುತ್ತಾನೆ, ಹಪ್ಪಳದ ಕಟ್ಟಿನ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ. ಪೂರ್ತಿ ಓದು.

ಊರಿನಲ್ಲಿ ಈಗ ಪೊಲೀಸರದ್ದೇ ಸುದ್ದಿ. ಗಲಾಟೆ ಹೆಚ್ಚಿರುವ ಊರುಗಳ ಪಟ್ಟಿಯಲ್ಲಿ ನಮ್ಮದೂ ಸೇರಿದೆಯಂತೆ, ಅದಕ್ಕೆ ಹೊಸ ಕ್ರಮ. ಒಂದೊಂದು ಕಡೆಗೆ ಒಬ್ಬೊಬ್ಬ ಪೊಲೀಸ್, ಅವರು ಮನೆಮನೆಗೆ ಬಂದು ಕೂತು ಮಾತಾಡಬೇಕು. ನಮ್ಮ ಕಡೆಗೆ ಸುರಕ್ಷಾ ಅಂತ ಒಂದು ಹುಡುಗಿ. ಮೊದಲ ದಿನ ಗೇಟಿನಲ್ಲಿ ಖಾಕಿ ಕಂಡಿತು. ನೆರೆಯವರು ನೋಡಿಯಾರು ಅಂತ ಹಿಂದಿನ ಬಾಗಿಲಿನಿಂದ ಒಳಗೆ ಕರೆದೆ. ಅವಳು ನಕ್ಕು, "ಗಲಾಟೆ ಆದ ಮೇಲೆ ಬರುವುದಲ್ಲ ಅಕ್ಕ, ಆಗುವ ಮೊದಲೇ ಬರ್ಲಿಕ್ಕೆ ಹೇಳಿದ್ದಾರೆ" ಅಂದಳು. ಒಳ್ಳೆಯ ಹುಡುಗಿ ಮಾರಾಯ, ಮಜ್ಜಿಗೆ ಕುಡಿದು ಲೋಟ ತಾನೇ ತೊಳೆದಿಟ್ಟಳು. ತಿಂಗಳೊಳಗೆ ನನ್ನನ್ನೂ ಪೊಲೀಸರು ಮಾಡಿದ ಊರಿನ ಕಮಿಟಿಗೆ ಸೇರಿಸಿದರು. ನನಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲ ಮೀಟಿಂಗಿಗೆ ನೀನು ತಂದುಕೊಟ್ಟ ನೀಲಿ ಸೀರೆ ಉಟ್ಟುಕೊಂಡು ಹೋದೆ.

ಕಳೆದ ಶನಿವಾರ ಎರಡನೇ ಮೀಟಿಂಗು. ಹತ್ತು ವರ್ಷದಿಂದ ತಂಟೆಗೆ ಹೋಗದವರ ಮೇಲಿನ ರೌಡಿ ಶೀಟ್ ತೆಗೆಯಬಹುದು, ಆದರೆ ಊರಿನವರನ್ನು ಕೇಳಿಯೇ ತೆಗೆಯಬೇಕು ಅಂತ ಹೊಸ ಆದೇಶವಂತೆ. ಸುರಕ್ಷಾ ಓದಿದ ಮೊದಲ ಹೆಸರೇ ನಮ್ಮ ಪಕ್ಕದ ಮನೆಯ ಮುಂಡಪ್ಪನದ್ದು.

ನಿನಗೆ ನಾನು ನೆನಪಿಸಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಹದಿನಾರು ವರ್ಷದ ಹಿಂದೆ ಬಂದ್ ದಿನ ಮಡಂತ್ಯಾರಿನಲ್ಲಿ ಬಸ್ಸಿಗೆ ಕಲ್ಲು ಹೊಡೆದವನು ನೀನು. ಕಂಡಕ್ಟರನ ಹಣೆ ಒಡೆಯಿತು. ನೀನು ಓಡಿದೆ, ಬಿದ್ದವನನ್ನು ಎಬ್ಬಿಸಲಿಕ್ಕೆ ನಿಂತ ಮುಂಡಪ್ಪ ಸಿಕ್ಕಿಬಿದ್ದ. ಮರುದಿನ ಸ್ಟೇಷನ್‌ಗೆ ಚಹಾ ತೆಗೆದುಕೊಂಡು ಹೋದವಳು ನಾನು. "ತಮ್ಮನ ವೀಸಾ ಬಂದಿದೆ, ಅವನ ಹೆಸರು ಹೇಳಬೇಡ ಮುಂಡಪ್ಪ" ಅಂತ ಬೇಡಿಕೊಂಡೆ. ಅವನು "ಆಯ್ತಕ್ಕ" ಅಂದ, ಅಷ್ಟೇ. ಆ ಕೇಸೇನೋ ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೆ ಆಮೇಲೆ ಎಲ್ಲಿ ಹೊಡೆದಾಟವಾದರೂ ಅವನ ಹೆಸರೇ ಮೊದಲು. ಮೂರು ಕೇಸಾಯಿತು, ರೌಡಿ ಶೀಟೂ ಆಯಿತು. ಚುನಾವಣೆ ಬಂದರೆ, ಚೌತಿ ಬಂದರೆ, ಈದ್ ಬಂದರೆ ಸ್ಟೇಷನ್‌ನಲ್ಲಿ ಸಾಲು ನಿಂತು ಸಹಿ ಹಾಕಬೇಕು. ಈಗ ಅವನಿಗೆ ಮಗಳು ಹೋಗುವ ಶಾಲೆಯಲ್ಲೇ ವ್ಯಾನ್ ಓಡಿಸುವ ಕೆಲಸ ಸಿಗುವುದರಲ್ಲಿದೆ. ಈ ಶೀಟ್ ಇರುವವರೆಗೆ ಶಾಲೆಯವರು ಅವನ ಕೈಗೆ ಕೀ ಕೊಡುವುದಿಲ್ಲ.

ಮೀಟಿಂಗಿನಲ್ಲಿ ಅಂಗಡಿಯ ಅಬ್ದುಲ್ ಶುಕೂರ್ ಎದ್ದು ನಿಂತು, "ಆರು ವರ್ಷದಿಂದ ನನ್ನ ಸಾಮಾನು ತರುವುದು ಅವನೇ, ಒಂದು ದಿನ ಬೆರಳು ತೋರಿಸಲಿಕ್ಕಿಲ್ಲ" ಅಂದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು, ಪಕ್ಕದ ಮನೆಯವಳು ನಾನಲ್ಲವಾ? ಶೀಟ್ ತೆಗೆಯಿರಿ ಅಂತ ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಸುರಕ್ಷಾ ಫೈಲು ತಿರುವುತ್ತಾ, "ಮೊದಲ ಕೇಸಿನಲ್ಲಿ ಓಡಿಹೋದವ ಇನ್ನೊಬ್ಬ ಇದ್ದನಂತೆ, ಯಾರದು?" ಅಂತ ಸುಮ್ಮನೆ ಕೇಳಿದಳು. ನಿನ್ನ ಹೆಸರು ಹೊರಬಿದ್ದರೆ ಅಂತ ಹೆದರಿದೆ. ಆ ಹೆದರಿಕೆಯಲ್ಲಿ ನನ್ನ ಬಾಯಿಂದ ಬಂದದ್ದು ಏನು ಗೊತ್ತುಂಟಾ? "ಮಕ್ಕಳ ವ್ಯಾನಲ್ವಾ, ಅವಸರ ಬೇಡ, ಇನ್ನೊಂದು ವರ್ಷ ನೋಡುವ." ಎಷ್ಟು ಮರ್ಯಾದೆಯ ಮಾತು ನೋಡು! ಒಬ್ಬರು ಹೌದೆಂದರು, ಮತ್ತೊಬ್ಬರು ತಲೆಯಾಡಿಸಿದರು. ಸುರಕ್ಷಾ ಬರೆದುಕೊಂಡಳು. ಶುಕೂರ್ ಮಾತ್ರ ನನ್ನನ್ನು ಒಂದು ಸಲ ನೋಡಿ ಕೂತರು.

ನಾಚಿಕೆಯಾಗುತ್ತದೆ ರಂಜಿತಾ. ಅದಕ್ಕಿಂತಲೂ ನಾಚಿಕೆಯದ್ದು ಮುಂದೆ ಉಂಟು. ಭಾನುವಾರ ಬೆಳಿಗ್ಗೆ ಮುಂಡಪ್ಪ ತನ್ನ ಹಿತ್ತಿಲಿನ ಬಸಳೆ ಕಟ್ಟು ಹಿಡಿದುಕೊಂಡು ಬಂದ. ಮೀಟಿಂಗಿನಲ್ಲಿ ಏನಾಯಿತು ಅಂತ ಅವನಿಗೆ ಯಾರೂ ಹೇಳಿಲ್ಲ. "ಕಮಿಟಿಯಲ್ಲಿ ನೀವಿದ್ದೀರಲ್ಲಕ್ಕ, ನನಗೆ ಅಷ್ಟೇ ಸಾಕು" ಅಂದ. ಹೋಗುವಾಗ ಎಂದಿನಂತೆ "ರಂಜಿತ್ ಫೋನ್ ಮಾಡಿದ್ದನಾ?" ಅಂತ ಕೇಳಿದ. ಆ ಬಸಳೆಯನ್ನು ಪದಾರ್ಥ ಮಾಡಿದೆ, ತಟ್ಟೆಗೆ ಬಡಿಸಿಕೊಳ್ಳದೆ ಪಾತ್ರೆಯಲ್ಲೇ ಬಿಟ್ಟೆ. ಇಷ್ಟು ವರ್ಷ ಇದು ನಿನ್ನ ತಪ್ಪು, ನಾನು ಬರೀ ಅಕ್ಕನಾಗಿ ಮುಚ್ಚಿಟ್ಟೆ ಅಂತ ಅಂದುಕೊಂಡಿದ್ದೆ. ಶನಿವಾರದ್ದು ಪೂರ್ತಿ ನನ್ನದೇ. ಬಂದ್ ದಿನ ನೀನು ಹತ್ತೊಂಬತ್ತರ ಹುಡುಗ. ನನಗೆ ಈಗ ಐವತ್ತೊಂದು.

ಏನು ಮಾಡುವುದು ಅಂತ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಏಪ್ರಿಲಿನಲ್ಲಿ ನೀನು ಬರುವವನಿದ್ದಿ, ತೃಪ್ತಿಗೆ ಮದುವೆಯ ಮಾತುಕತೆಯೂ ನಡೆಯುತ್ತಿದೆ. ನಿನ್ನನ್ನು ಕೇಳದೆ ಬಾಯಿ ಬಿಡುವುದು ಸರಿಯಾ ಅಂತ ಒಮ್ಮೆ, ಕೇಳಿದರೆ ನೀನು ಬೇಡವೆಂದೇ ಹೇಳುತ್ತೀ ಅಂತ ಇನ್ನೊಮ್ಮೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ರೂಮಿನವರಿಗೆಲ್ಲ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ಶಶಿಪ್ರಭಾ

ತಾ.ಕ.: ಗುರುವಾರ ಮಧ್ಯಾಹ್ನ, ಶಾಫಿ ಗೇಟಿನಲ್ಲಿ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಸ್ಟೇಷನ್‌ಗೆ ಹೋಗಿ ಬಂದೆ. ಓಡಿಹೋದವನು ನನ್ನ ತಮ್ಮ ಅಂತಲೂ, ಮುಂಡಪ್ಪನ ಬಾಯಿ ಮುಚ್ಚಿಸಿದವಳು ನಾನು ಅಂತಲೂ, ಶನಿವಾರ ಹೇಳಿದ್ದು ಹೆದರಿ ಹೇಳಿದ್ದು ಅಂತಲೂ ಬರೆದು ಸಹಿ ಹಾಕಿದೆ. ಸುರಕ್ಷಾ ಕುಡಿಯಲು ನೀರು ತಂದುಕೊಟ್ಟಳು. ನಿನ್ನನ್ನು ಕರೆಸುತ್ತಾರೋ ಇಲ್ಲವೋ ಗೊತ್ತಿಲ್ಲ. ಬರುವಾಗ ತಿಳಿದುಕೊಂಡೇ ಬಾ. ಮುಂಡಪ್ಪನಿಗೆ ಹೇಳಲು ಮಾತ್ರ ನನಗೆ ಮುಖವಿಲ್ಲ, ಅದನ್ನು ನೀನೇ ಫೋನ್ ಮಾಡಿ ಹೇಳು. ಅವನ ಫೋನ್ ನಂಬರ್ ಹಳೆಯದೇ. ಶೀಟ್ ಇರುವವರು ನಂಬರ್ ಬದಲಿಸಬಾರದು ಅಂತ ಸ್ಟೇಷನ್‌ನಲ್ಲಿ ಹೇಳಿದ್ದರಂತೆ.