ಇಪ್ಪತ್ತೆರಡನೆಯ ಮನೆ

ಅಪ್ಪಾ,

ಈ ಪದವನ್ನು ನಿನ್ನ ಪುಟ್ಟ ಕಂಪ್ಯೂಟರು ಕರಿಯನ ಮೇಲೆ ಬರೆದಿದ್ದರೆ ‘ಅಪಾ’ ಎಂದಾಗುತ್ತಿತ್ತೇನೋ. ಕಾಗದದಲ್ಲಿ ಜಾಗಕ್ಕೆ ಬರವಿಲ್ಲ. ಕೆಳಗೊಂದು ಒತ್ತು ಹಾಕಿಯೇ ಶುರುಮಾಡಿದ್ದೇನೆ. ಕಳೆದ ಭಾನುವಾರ ಮಧ್ಯಾಹ್ನ ತರೀಕೆರೆಯಲ್ಲಿ ನೀನು ಬರೆದ ಚೌಕಾಬಾರದ ಆಟ ಓಡಿತು. ಅದೂ ಮೇಷ್ಟ್ರ ಮಷೀನಿನ ಮೇಲೆ. ನೀನು ‘ಬಿಳಿಯ’ ಎಂದು ಅಡ್ಡಹೆಸರಿಟ್ಟಿದ್ದೆಯಲ್ಲ, ಅದರ ಮೇಲೆ.

ಕರಿಯ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಲಿಂಗದಹಳ್ಳಿ ಕಡೆಯವರೊಬ್ಬರು ಫಾರಿನ್ನಿಂದ ತಂದ ಕಂಪ್ಯೂಟರು ಕೆಟ್ಟಿತ್ತು. ಅಜ್ಜಂಪುರದ ನಿನ್ನ ರೇಡಿಯೋ ಅಂಗಡಿಗೆ ತಂದು, “ನೀವೇ ಇಟ್ಕೊಳಿ ಬಸಣ್ಣ” ಎಂದು ಬಿಟ್ಟುಹೋದರು. ಊಟದ ಡಬ್ಬಿಯಷ್ಟೇ ಇದ್ದ ಕಪ್ಪು ಪೆಟ್ಟಿಗೆ, ಮುಟ್ಟಿದರೆ ಮೆತ್ತಗೆ ಕುಸಿಯುವ ರಬ್ಬರ್ ಕೀಲಿಗಳು. ನೀನು ಅದನ್ನು ರಿಪೇರಿ ಮಾಡಿ ಟಿವಿಗೆ ಸಿಕ್ಕಿಸಿದೆ, ಟೇಪ್ ರೆಕಾರ್ಡರಿಗೆ ಜೋಡಿಸಿದೆ. ಕ್ಯಾಸೆಟ್ಟು ಜೀರುಂಡೆಯ ಹಾಗೆ ಕಿರುಗುಟ್ಟುತ್ತಿದ್ದಂತೆ ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಓಡುತ್ತಿದ್ದವು. ಅದನ್ನು ನೋಡುತ್ತಲೇ ನಾನು ನಿನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಆ ಪಟ್ಟೆಗಳು ಈಗಲೂ ಕಣ್ಣು ಮುಚ್ಚಿದರೆ...

ಕರಿಯನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ನಾವೇ ಬರೆದ ಆಕಾರಗಳನ್ನು ಇಟ್ಟುಕೊಳ್ಳಲು ಅದರಲ್ಲಿ ಇಪ್ಪತ್ತೊಂದು ಚೌಕಗಳಿದ್ದವು. ನೀನು ಅವನ್ನು ‘ಮನೆ’ ಎನ್ನುತ್ತಿದ್ದೆ, ಚೌಕಾಬಾರದ ಮನೆಗಳ ಹಾಗೆ. ನನ್ನ ಲೆಕ್ಕದ ಪುಸ್ತಕದ ಚೌಕಳಿ ಹಾಳೆ ಹರಿದು, ಎಂಟು ಸಾಲು ಎಂಟು ಕಂಬ ಗುರುತು ಹಾಕಿ, ಒಂದೊಂದೇ ಅಕ್ಷರವನ್ನು ಚುಕ್ಕಿಗಳಲ್ಲಿ ತುಂಬಿದೆ. ಆರು ತಿಂಗಳಲ್ಲಿ ಆಟ ಸಿದ್ಧವಾಯಿತು. ಶುರುವಿನಲ್ಲೇ ಪರದೆಯ ಮೇಲೆ ಬರುತ್ತಿತ್ತು: ‘ಕವಡೆಗೆ ಕೀಲಿ ಒತು’.

ತರೀಕೆರೆಯ ಆ ಸ್ಕೂಲಿಗೆ ನೀನು ಕರಿಯನನ್ನು ಬೆಡ್‌ಶೀಟಿನಲ್ಲಿ ಸುತ್ತಿ ಒಯ್ದದ್ದು ಯಾಕೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅಲ್ಲಿ ಸರ್ಕಾರ ಕೊಟ್ಟ ಕೆನೆಬಣ್ಣದ ದೊಡ್ಡ ಮಷೀನಿತ್ತು, ಅದರ ಉಸ್ತುವಾರಿ ನಿನ್ನ ಸ್ನೇಹಿತರಾದ ವಿಜ್ಞಾನದ ಮೇಷ್ಟ್ರದ್ದು. ‘ನಿಮ್ಮ ಡಬ್ಬಿ’, ‘ನಿಮ್ಮ ಬೀರು’ ಎಂದು ನೀವಿಬ್ಬರೂ ಕಾಲೆಳೆದುಕೊಳ್ಳುತ್ತಿದ್ದಿರಿ. ಅವತ್ತು ಸ್ಟಾಫ್ ರೂಮಿನ ತುಂಬ ಜನ. ಮೇಷ್ಟ್ರು ಪರದೆಗೆ ಬಗ್ಗಿ ಜೋರಾಗಿ ಓದಿದರು.

“ಏನ್ ಬಸಣ್ಣ, ‘ಒತು’ ಅಂದ್ರೆ? ಅಜ್ಜಂಪುರದ ಕನ್ನಡದಲ್ಲಿ ಒತ್ತಕ್ಷರ ಇಲ್ವೇನಪ್ಪಾ?”

“ಜಾಗ ಇರ್ಲಿಲ್ಲ ಮೇಷ್ಟ್ರೇ.”

“ಎಲ್ಲಿ ಇರ್ಲಿಲ್ಲ? ಡಬ್ಬೀಲೋ, ತಲೇಲೋ?”

ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ವೈರು ಸುತ್ತತೊಡಗಿದೆ, ಒಂದೊಂದು ಸುತ್ತನ್ನೂ ಅಷ್ಟು ನಿಧಾನವಾಗಿ.

ವಾಪಸ್ಸು ಬರುವ ಬಸ್ಸಿನಲ್ಲಿ ನೀನು ಹೇಳಿದ್ದು ಒಂದೇ ಮಾತು. “ನಂಗೆ ಒತ್ತು ಬರುತ್ತೆ ಕಣೇ ಪುಟ್ಟಿ.” ನಾನು ಕಿಟಕಿಯ ಆಚೆ ನೋಡಿದೆ. ನೀನು ಓದಿದ್ದು ಏಳನೇ ಕ್ಲಾಸು, ನಾನು ಆಗಲೇ ಐದನೇ ಕ್ಲಾಸು. ನಿನಗೆ ಒತ್ತು ಬರುವುದಿಲ್ಲ ಎಂದೇ ನಾನೂ ನಂಬಿದೆ. ಇದನ್ನು ನೀನಿದ್ದಾಗ ಹೇಳಬೇಕಿತ್ತು. ನಿನಗೆ ಗೊತ್ತಿತ್ತೇ?

ನೀನು ಮಲಗಿದ್ದ ಕೊನೆಯ ವಾರದಲ್ಲೂ, ಬೆರಳಿನಲ್ಲಿ ಹೊದಿಕೆಯ ಮೇಲೆ ಚೌಕ ಬರೆಯುತ್ತ, “ಇನ್ನೊಂದ್ ಮನೆ ಸಿಕ್ಕಿದ್ದಿದ್ರೆ...” ಎಂದೆ. ಮಾತು ಅಲ್ಲಿಗೇ ನಿಂತಿತು. ಕರಿಯ ನಿನಗಿಂತ ಮೊದಲೇ ಹೋಗಿದ್ದ. ಉಳಿದದ್ದು ಬೂಸ್ಟು ಹಿಡಿದ ಒಂದು ಕ್ಯಾಸೆಟ್ಟು. ಅದನ್ನು ಒರೆಸಿ, ಕಡೂರಿನ ನನ್ನ ಮನೆಯಲ್ಲಿ ಅದರ ಸದ್ದನ್ನು ಲ್ಯಾಪ್‌ಟಾಪಿಗೆ ಹಿಡಿದೆ. ಎರಡು ಸಲ ಮಧ್ಯದಲ್ಲೇ ತಪ್ಪಿತು. ಮೂರನೆಯ ಸಲ ಕೊನೆಯವರೆಗೂ ಬಂದಿತು, ಬಂದ ಮೇಲೆ ಟೇಪು ತುಂಡಾಯಿತು. ನಿನ್ನ ಪ್ರೋಗ್ರಾಮನ್ನು ಹಾಳೆಗಳಲ್ಲಿ ಅಚ್ಚು ಹಾಕಿಸಿಕೊಂಡು ತರೀಕೆರೆ ಬಸ್ಸು ಹತ್ತಿದೆ. ಬಿಳಿಯ ಈಗ ರಿಟೈರಾದ ಮೇಷ್ಟ್ರ ಮನೆಯಲ್ಲಿದೆ, ಸ್ಕೂಲಿನವರು ಬೇಡವೆಂದದ್ದನ್ನು ಅವರೇ ಕೇಳಿ ತಂದಿದ್ದಾರೆ. ಇನ್ನೂ ಓಡುತ್ತದೆ.

ಕರಿಯನ ಭಾಷೆ ಬಿಳಿಯನಿಗೆ ಅರ್ಥವಾಗುವುದಿಲ್ಲ. ಅದನ್ನು ಸಾಲು ಸಾಲಾಗಿ ಬದಲಿಸಬೇಕು. ನಾನು ಅನುವಾದದ ಕಾದಂಬರಿಗಳನ್ನೇ ಹೆಚ್ಚು ಓದುವವಳು. ಎಲ್ಲಿ ಅನುವಾದಕ ಸುಸ್ತಾದ, ಎಲ್ಲಿ ಅವಸರಪಟ್ಟ ಎಂದು ಹುಡುಕುವ ಕೆಟ್ಟ ಚಾಳಿ ನನಗಿದೆ. ನಾಲ್ಕು ಭಾನುವಾರ ನಾನು ಓದಿ ಹೇಳಿದೆ, ಮೇಷ್ಟ್ರು ಬಿಳಿಯನ ಮಾತಿಗೆ ತಿರುಗಿಸಿದರು. ನಿನ್ನ ಸಾಲುಗಳಲ್ಲಿ ಸುಸ್ತು ಎಲ್ಲೂ ಇರಲಿಲ್ಲ ಅಪ್ಪಾ.

ನಾಲ್ಕನೆಯ ಭಾನುವಾರ ಆಕಾರಗಳ ಪಾಳಿ. ಮೇಷ್ಟ್ರು ಬೆರಳು ಮಡಿಸುತ್ತ ಎಣಿಸಿದರು. ಅಂಗಾತ ಬಿದ್ದ ಕವಡೆ, ಬೋರಲು ಬಿದ್ದ ಕವಡೆ, ಕಾಯಿ, ಅದು ಹೊಡೆತ ತಪ್ಪಿಸಿಕೊಳ್ಳುವ ಕಟ್ಟೆ: ಇವು ನಾಲ್ಕು. ‘ಕವಡೆಗೆ ಕೀಲಿ ಒತು’, ‘ಈಗ ನೀನು’, ‘ಆಟ ಮುಗಿಯಿತು’: ಇವಕ್ಕೆ, ಎರಡು ಸಲ ಬಂದದ್ದನ್ನು ಒಂದೇ ಎಂದು ಹಿಡಿದರೆ, ಹದಿನೇಳು ಅಕ್ಷರ. ಒಟ್ಟು ಇಪ್ಪತ್ತೊಂದು. ಅವರು ಮತ್ತೆ ಮೊದಲಿಂದ ಎಣಿಸಿದರು.

“‘ಅಮುಕು’ ಅಂತಾದ್ರೂ ಹಾಕ್ಬೋದಿತ್ತಲ್ಲಮ್ಮ?”

ಅದನ್ನೂ ಲೆಕ್ಕ ಹಾಕಿದೆವು. ‘ಮು’ ಇತ್ತು. ‘ಅ’, ‘ಕು’ ಇರಲಿಲ್ಲ. ‘ಒ’ ಬಿಟ್ಟರೂ ಇಪ್ಪತ್ತೆರಡಾಗುತ್ತಿತ್ತು. ‘ಒತು’ ಎಂದರೆ ‘ಮುಗಿಯಿತು’ವಿನ ‘ತು’ವೇ ಸಾಕು. ಅದರ ಕೆಳಗಿನ ಒತ್ತಿಗೆ ಮಾತ್ರ ಇನ್ನೊಂದು ಮನೆ ಬೇಕಿತ್ತು. ಒಂದೇ ಒಂದು. ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಪಂಚೆಯ ತುದಿಯಲ್ಲಿ ಒರೆಸಿದರು.

“ಜಾಗ ಇರ್ಲಿಲ್ಲ ಕಣಮ್ಮಾ. ಬಸಣ್ಣ ಹೇಳಿದ್ದು ಖರೇ ಮಾತು. ನಾನು ಎಣಿಸ್ದೇನೇ ನಕ್ಬಿಟ್ಟೆ.”

ನಾನೂ ಎಣಿಸಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಬಿಳಿಯನಲ್ಲಿ ಮೂವತ್ತೆರಡು ಮನೆಗಳಿವೆ. ಒತ್ತು ಹಾಕೋಣ ಎಂದರು ಮೇಷ್ಟ್ರು. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದು ಎಂದೆ ನಾನು. ಹಾಗೆನ್ನುವಾಗಲೇ ಹೊದಿಕೆಯ ಮೇಲೆ ಚೌಕ ಬರೆದ ನಿನ್ನ ಬೆರಳು ಕಣ್ಣಮುಂದೆ ಬಂತು. ಮೂಲದಲ್ಲಿ ಅದು ಇತ್ತಲ್ಲವೇ? ಇರಲು ಮನೆಯಿರಲಿಲ್ಲ, ಅಷ್ಟೇ. ಚೌಕಳಿ ಹಾಳೆಯೊಂದನ್ನು ಅವರ ಮುಂದಿಟ್ಟೆ. ಅವರೇ ‘ತ’ ಒತ್ತನ್ನು ಚುಕ್ಕಿ ಚುಕ್ಕಿಯಾಗಿ ಬರೆದರು. ಇಪ್ಪತ್ತೆರಡನೆಯ ಮನೆ ತುಂಬಿತು.

ಪರದೆಯ ಮೇಲೆ ‘ಕವಡೆಗೆ ಕೀಲಿ ಒತ್ತು’ ಎಂದು ಬಂದಿತು. ತಪ್ಪಿಲ್ಲ, ದುಂಡಗೆ, ನಿನ್ನದೇ ಅಕ್ಷರದಲ್ಲಿ. ನಾವಿಬ್ಬರೂ ಕೈ ಚಾಚಲಿಲ್ಲ. ಕೊನೆಗೆ ಮೇಷ್ಟ್ರೇ ಮೆಲ್ಲಗೆ ಅಂದರು, “ನೀನೇ ಒತು ಕಣಮ್ಮ.”

ಒತ್ತಿದೆ. ಎರಡು ಅಂಗಾತ, ಎರಡು ಬೋರಲು. ನನ್ನ ಕಾಯಿ ಎರಡು ಮನೆ ನಡೆದು ನಿಂತಿತು. ಬಿಳಿಯನನ್ನು ಆರಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ನಾನು ಬಸ್ಸಿಗೆ ಹೊರಟಾಗಲೂ ಅದು ಹಾಗೇ ಕಾಯುತ್ತಿತ್ತು, ನೀನು ಬರೆದಿಟ್ಟ ಎರಡನೆಯ ಸಾಲು ತೋರಿಸುತ್ತ:

ಈಗ ನೀನು.